ಹೆಣದೆದುರು ಆಫ್ ಮಾಡಿದ ಎಂಜಿನ್

ಗುಡ್ಡದೂರು ಗೊರ್ನಿ ದೋಲ್‌ನ ಸ್ಪಾಸೆ ಏರು ಹತ್ತಿ ಬಂದ ವ್ಯಾನನ್ನು ತಟ್ಟನೆ ಆಫ್ ಮಾಡುವವನಲ್ಲ. ಮನೆ ಮುಂದೆ ನಿಂತ ಮೇಲೂ ಸ್ಟಾರ್ಟಿಂಗ್‌ನಲ್ಲೇ ಬಿಟ್ಟು, ಸಿಗರೇಟು ಮುಗಿಯುವ ತನಕ ಸೀಟಿನಲ್ಲೇ ಕೂತಿರುತ್ತಿದ್ದ.

"ಇಳಿಯೋ ಸ್ಪಾಸೆ, ಸೂಪು ಆರಿ ನೀರಾಯ್ತು! ನನ್ನ ಮೈ ಬಿಸಿಯಾದಾಗ ಒಂದಿನಾದ್ರೂ ಹಿಂಗೆ ಕಾದಿದೀಯಾ?" ಎಂದು ಹೆಂಡತಿ ಬಾಗಿಲಿನಿಂದ ಕೂಗುತ್ತಿದ್ದಳು.

"ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊ ಕೆಂಡ ಆಗಿರುತ್ತೆ ಕಣೆ. ಗಾಡಿ ಓಡ್ತಿದ್ರೆ ಆಯಿಲ್ ಹರಿದು ತಣ್ಣಗಾಗುತ್ತೆ. ಆಫ್ ಮಾಡಿದ್ರೆ ಆಯಿಲ್ ಅಲ್ಲೇ ನಿಂತು ಕರಕಲಾಗುತ್ತೆ, ನೀನು ಒಲೆ ಮೇಲೆ ಮರೆತ ಬಾಣಲೆ ಥರ."

ಇನ್ನು ಹೆಣ್ಣು ಸಾಕು ಎಂದು ಈ ಹೆಂಡತಿಗೆ ಅವಳಪ್ಪ ಇಟ್ಟ ಹೆಸರು ದೋಸ್ತಾ, ಅಂದರೆ 'ಸಾಕು'. ಸಾಕು ಅನ್ನಿಸಿಕೊಂಡವಳೇ ಸ್ಪಾಸೆಗೆ ಬೇಕಾದವಳು. ಅವನಿಗೆ ಬೇರೆ ಯಾರೂ ಇರಲಿಲ್ಲ. ಅವಳ ಕಿಡ್ನಿ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಗುಡ್ಡ ದಾಟಿ ಪ್ರಿಲೆಪ್ ಪಟ್ಟಣಕ್ಕೆ ಡಯಾಲಿಸಿಸ್‌ಗೆ ಒಯ್ಯಬೇಕಿತ್ತು. ಬಸ್ಸು ನಿಂತು ವರ್ಷಗಳಾಗಿದ್ದವು. ವ್ಯಾನು ಓಡಿದರೆ ದೋಸ್ತಾ ಇದ್ದಳು, ಅಷ್ಟೇ ಲೆಕ್ಕ.

ಏರು ಮುಗಿಯುವ ಜಾಗದಲ್ಲೇ ಊರಿನ ಸ್ಮಶಾನ. ಹೆಣ ರಸ್ತೆ ದಾಟುವಾಗ ಎದುರಾದವರು ಎಂಜಿನ್ ಆಫ್ ಮಾಡಿ, ಇಳಿದು, ಟೋಪಿ ತೆಗೆದು ನಿಲ್ಲಬೇಕು. ಸತ್ತವರಿಗೆ ಮರ್ಯಾದೆ ಕೊಡುವುದರಲ್ಲಿ ನಮ್ಮೂರನ್ನು ಮೀರಿಸುವವರಿಲ್ಲ. ಬದುಕಿದವರ ಸರದಿ ಆಮೇಲೆ. ಸ್ಪಾಸೆ ಟೋಪಿ ತೆಗೆಯುತ್ತಿದ್ದ, ಎಂಜಿನ್ ಮಾತ್ರ ಓಡುತ್ತಿತ್ತು. ಶರತ್ಕಾಲದಲ್ಲಿ, ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದ ಊರ ಹುಡುಗ ರಿಸ್ತೋನ ತಾಯಿಯ ಶವ ಬಂದಾಗ ರಿಸ್ತೋ ಹೆಗಲ ಮೇಲಿನ ಶವಪೆಟ್ಟಿಗೆಯ ಸಮೇತ ನಿಂತುಬಿಟ್ಟ.

"ಸ್ಪಾಸೆ ಚಿಕ್ಕಪ್ಪ, ನಮ್ಮಮ್ಮಂಗಿಂತ ನಿನ್ನ ಗಾಡಿ ಹೆಚ್ಚಾಯ್ತಾ? ಅಳೋದೂ ಕೇಳಿಸ್ತಿಲ್ಲ!"

ಊರೆಲ್ಲ ತಿರುಗಿ ನೋಡಿತು. ಸ್ಪಾಸೆ ನಾಚಿಕೆಯಿಂದ ಕುಗ್ಗಿ ಕೀಲಿ ತಿರುಗಿಸಿದ. ಆ ಚಳಿಗಾಲ ಮುದುಕರು ಒಬ್ಬರ ಹಿಂದೊಬ್ಬರು ಹೋದರು. ಪ್ರತಿ ಸಲವೂ ಏರು ಹತ್ತಿ ಕಾದ ಎಂಜಿನ್ ತಟ್ಟನೆ ನಿಂತಿತು.

ಮೊದಲು ಸಣ್ಣ ಸಿಳ್ಳೆ ಕೇಳಿತು, ಆಮೇಲೆ ನೀಲಿ ಹೊಗೆ ಬಂತು. "ಆಯಿಲ್ ಪೈಪು ಕರಿಕಟ್ಟಿದೆ, ಟರ್ಬೊ ಹೋಗೋ ಹಾಗಿದೆ. ಬಿಚ್ಚಬೇಕು, ಒಂದು ವಾರ ಬಿಟ್ಟು ಹೋಗು," ಎಂದ ಮೆಕ್ಯಾನಿಕ್.

"ವಾರ ಬಿಟ್ರೆ ಇವಳನ್ನ ಹೆಗಲ ಮೇಲೆ ಹೊರ್ಲಾ?" ಎಂದು ಸ್ಪಾಸೆ ವ್ಯಾನು ಹೊರಡಿಸಿಕೊಂಡು ಬಂದ.

ಹಿಮಕ್ಕೆ ರಸ್ತೆ ಕಟ್ಟಿ ದೋಸ್ತಾಗೆ ಒಂದು ಸರದಿ ತಪ್ಪಿತು. ದಾರಿ ತೆರೆದ ಬೆಳಿಗ್ಗೆ ಅವಳ ಮುಖ ಊದಿತ್ತು, ಉಸಿರು ಗೊರಗುಟ್ಟುತ್ತಿತ್ತು. ಪ್ರಿಲೆಪ್‌ಗೆ ಹೋಗುವ ಗುಡ್ಡವನ್ನು ಅರ್ಧ ಹತ್ತುವಷ್ಟರಲ್ಲಿ ವ್ಯಾನು ಅರಚಿತು. ಕೀಲಿ ತೆಗೆದರೂ ನಿಲ್ಲಲಿಲ್ಲ. ಟರ್ಬೊ ಒಡೆದು, ಎಂಜಿನ್ ತನ್ನ ಆಯಿಲನ್ನೇ ಕುಡಿದು ಹುಚ್ಚಾಗಿ ಓಡುತ್ತಿತ್ತು. ಸ್ಪಾಸೆ ಬಾನೆಟ್ ಎತ್ತಿ ಗಾಳಿ ಹೋಗುವ ಬಾಯಿಗೆ ಕೋಟು ತುರುಕಿದ. ಅದು ಉಸಿರು ಕಟ್ಟಿ ಸಾಯುವಷ್ಟರಲ್ಲಿ ಅವನ ಎರಡೂ ಅಂಗೈ ಬೆಂದುಹೋಗಿದ್ದವು.

ಫೋನಿಗೆ ಸಿಗ್ನಲ್ ಇರಲಿಲ್ಲ. ಅವನು ರಸ್ತೆ ನಡುವೆ ನಿಂತು ದೇವರನ್ನೂ ಮೆಕ್ಯಾನಿಕನನ್ನೂ ತನ್ನನ್ನೂ ಬೈದ. ಕೊನೆಗೆ ಪ್ರಿಲೆಪ್ ಕಡೆಯಿಂದ ಗುಡ್ಡ ಇಳಿದು ಒಂದು ಗಾಡಿ ಬಂತು, ಶವದ ಗಾಡಿ. ಪಟ್ಟಣದಲ್ಲಿ ತೀರಿಕೊಂಡ ತಂದೆಯನ್ನು ರಿಸ್ತೋ ಒಬ್ಬನೇ ಮನೆಗೆ ತರುತ್ತಿದ್ದ.

"ತಿರುಗಿಸೋ ಮಗನೆ, ನಿನ್ನ ಕಾಲಿಗೆ ಬೀಳ್ತೀನಿ!"

"ಮನೆಗೆ ಹೊರಟ ಹೆಣಾನ ವಾಪಸ್ ತಿರುಗಿಸೋ ಹಾಗಿಲ್ಲ, ಚಿಕ್ಕಪ್ಪ." ರಿಸ್ತೋ ವ್ಯಾನಿನೊಳಗೆ ಬಗ್ಗಿ ದೋಸ್ತಾಳನ್ನು ನೋಡಿದ. "ಅಪ್ಪನ್ನ ನಿನ್ನ ವ್ಯಾನಲ್ಲಿ ಇಳಿಸೋಣ. ಒಂಟಿಯಾಗಿ ಬಿಡೋ ಹಾಗಿಲ್ಲ, ನೀನು ಕೂತ್ಕೋ. ನಾನು ಚಿಕ್ಕಮ್ಮನ್ನ ಒಯ್ತೀನಿ." ಹೇಳುತ್ತಲೇ ಅವನು ಶವದ ಗಾಡಿಗೆ ಮರಳಿದ, ಕೈ ಅಭ್ಯಾಸಬಲದಿಂದ ಅದರ ಕೀಲಿಗೆ ಹೋಯಿತು.

"ಆಫ್ ಮಾಡ್ಬೇಡ್ವೋ!" ಎಂದು ಸ್ಪಾಸೆ ಕಿರುಚಿದ.

ರಿಸ್ತೋ ಕೈ ಹಿಂದಕ್ಕೆಳೆದುಕೊಂಡ. ಓಡುವ ಎಂಜಿನ್ನಿನ ಸದ್ದಿನಲ್ಲೇ ಇಬ್ಬರೂ ಪೆಟ್ಟಿಗೆ ಇಳಿಸಿದರು. ಪೆಟ್ಟಿಗೆ ಇದ್ದ ಜಾಗದಲ್ಲಿ ದೋಸ್ತಾಳನ್ನು ಮಲಗಿಸಿದರು. ಅವಳು ಕಣ್ಣು ತೆರೆದು, "ನೀನು ಬರಲ್ವಾ?" ಎಂದಳು. ಸ್ಪಾಸೆ ಮೊಣಕೈಯಿಂದ ಗಾಡಿಯ ಬಾಗಿಲು ದೂಡಿ ಮುಚ್ಚಿದ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಸ್ಪಾಸೆ ಬೆಂದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೆಣದ ಪಕ್ಕ ಕೂತ. ಈ ಪೆಟ್ಟಿಗೆ ಒಯ್ಯಲು ಆ ಗಾಡಿ ಮತ್ತೆ ಬರಲೇಬೇಕು. ಅವಳನ್ನು ಆಸ್ಪತ್ರೆಗೆ ಸೇರಿಸಿ ಖಾಲಿ ಬರಲಿ, ದೇವರೇ, ಖಾಲಿ ಬರಲಿ ಎಂದು ಅವನು ಬಿಕ್ಕಿ ಬಿಕ್ಕಿ ಅತ್ತ.