ಮುಳ್ಳಪ್ಪ ಕೋಳಿ ಬಿಚ್ಚಿದ್ದು

ಅಪ್ಪ ಅಮ್ಮ ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಗಡಿಯಾರ ರಿಪೇರಿ ಮಾಡುವವನಾದ್ದರಿಂದ ಆತ ಎಲ್ಲರಿಗೂ ಮುಳ್ಳಪ್ಪ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದ ಅಂಗಡಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಬೆರಳ ತುದಿಯಲ್ಲಿ ಚಿಮಟ; ಮೂವತ್ತು ವರ್ಷ ಹೀಗೇ ಕಳೆದಿತ್ತು. ಭಾನುವಾರದ ಕೋಳಿ ಎಂದರೆ ಅವನಿಗೆ ಪ್ರಾಣ. ಹಸಿ ಕೋಳಿ ಎಂದರೆ ಮಾತ್ರ ಮಾರು ದೂರ. ಹೆಂಡತಿ ಅದನ್ನು ತೊಳೆಯುವಾಗ ಅಡುಗೆಮನೆಯತ್ತ ತಲೆ ಹಾಕಿದವನಲ್ಲ.

ಹೀಗಿರುವಾಗ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿದ್ದ ವಾರವೇ ಅವಳ ಅಣ್ಣ, ಬಸ್ ಕಂಡಕ್ಟರ್, ಭಾನುವಾರ ಊಟಕ್ಕೆ ಬರುತ್ತೇನೆಂದು ಫೋನು ಮಾಡಿದ. ನರ್ಸ್ ಆಗಿದ್ದ ಮಗಳಿಗೆ ಅವತ್ತು ಮಧ್ಯಾಹ್ನದವರೆಗೆ ಡ್ಯೂಟಿ. ಹೋಟೆಲಿನಿಂದ ತಂದರಾಯಿತಲ್ಲ ಎಂದು ಮುಳ್ಳಪ್ಪ ಮೆಲ್ಲಗೆ ಹೇಳಿ ನೋಡಿದ.

“ಕೈ ಮುರಿದಿರೋದು ನಂದು. ನಿಮ್ದು ಚೆನ್ನಾಗೇ ಇದೆಯಲ್ಲ,” ಅಂದಳು ಹೆಂಡತಿ.

ಕೋಳಿ ಅಂಗಡಿಯವನು ಹೇಗೆ ಮಾಡಿಕೊಡಲಿ ಎಂದು ಕೇಳಿದ. ಏನು ಹೇಳಬೇಕೋ ತಿಳಿಯದೆ ಮುಳ್ಳಪ್ಪ ಚೆನ್ನಾಗಿ ಮಾಡಿಕೊಡಿ ಎಂದ. ಅವನು ಚೆನ್ನಾಗಿ, ಇಡೀ ಕೋಳಿಯನ್ನೇ, ಚರ್ಮದ ಸಮೇತ ಕಟ್ಟಿಕೊಟ್ಟ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತಳು. ಮುಳ್ಳಪ್ಪ ಕೋಳಿಯನ್ನು ಹಲಗೆಯ ಮೇಲಿಟ್ಟು, ಮುಖ ಕಿವುಚಿಕೊಂಡು, ಒಂದೇ ಬೆರಳಿನಿಂದ ಮುಟ್ಟಿದ. ತಣ್ಣಗಿತ್ತು. ಬೆರಳನ್ನು ಅಂಗಿಗೆ ಒರೆಸಿಕೊಳ್ಳಲು ಹೋಗಿ ಬೈಸಿಕೊಂಡ. ಚರ್ಮದಲ್ಲಿ ಅಲ್ಲಲ್ಲಿ ಗರಿಯ ಬುಡಗಳು ಉಳಿದಿವೆ, ದೊಡ್ಡವು ನಾಲ್ಕು ಕಿತ್ತರೆ ಸಾಕು ಎಂದು ಅವಳು ಹೇಳಿದಳು.

ಇಷ್ಟು ಹೇಳಿದ್ದೇ ತಪ್ಪಾಯಿತು. ಮುಳ್ಳಪ್ಪ ಒಳಗೆ ಹೋಗಿ ತನ್ನ ಹಳೆಯ ಭೂತಗನ್ನಡಿ, ಚಿಮಟ ಹುಡುಕಿಕೊಂಡು ಬಂದ. ಗಾಜು ಕಣ್ಣಿಗೇರಿತು. ಹೇಸಿಗೆ ಎಲ್ಲಿ ಹೋಯಿತೋ, ಬೆನ್ನು ಬಗ್ಗಿಸಿ ಕುತ್ತಿಗೆಯ ಕಡೆಯಿಂದ ಸಾಲು ಹಿಡಿದು ಕೀಳುತ್ತ ಬಂದ. ಬಲತೊಡೆ ಮುಗಿಯುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ಹೆಂಡತಿ ಸಾಕು ಅಂದಾಗಲೆಲ್ಲ, ಇಲ್ಲಿ ಇನ್ನೊಂದಿದೆ ಅನ್ನುತ್ತಿದ್ದ. ಗರಿಯೇ ಇಲ್ಲದ ಕಡೆಯೂ ಎರಡೆರಡು ಸಲ ನೋಡಿದ.

ಕೊನೆಗೆ ತೊಳೆಯಲು ಹಿಡಿದ. ನಲ್ಲಿಯನ್ನು ಪೂರ್ತಿ ತಿರುಗಿಸಿದ್ದೇ ತಡ, ಕೋಳಿ ಸೋಪಿನಂತೆ ಕೈಯಿಂದ ಜಾರಿ, ನೆಲಕ್ಕೆ ಬಿದ್ದು, ಕಪಾಟಿನ ಅಡಿಗೆ ಸರಿದುಹೋಯಿತು. ಅವನು ಹೊಟ್ಟೆಯ ಮೇಲೆ ಮಲಗಿ, ಕೊಡೆಯ ಹಿಡಿಯಿಂದ ಅದನ್ನು ಎಳೆಯುತ್ತಿದ್ದಾಗ ಮಗಳು ಡ್ಯೂಟಿ ಮುಗಿಸಿ ಬಂದಳು. ಅಪ್ಪ ನೆಲದ ಮೇಲೆ ಬಿದ್ದಿದ್ದು ಕಂಡು ಅವಳ ಜೀವ ಬಾಯಿಗೆ ಬಂತು. ನಾಡಿ ಹಿಡಿಯಲು ಬಗ್ಗಿದರೆ ಕೈಗೆ ಕೋಳಿಕಾಲು ಸಿಕ್ಕಿತು.

ವಿಷಯ ತಿಳಿದ ಮೇಲೆ ಅವಳಿಗೆ ಸಿಟ್ಟೇ ಬಂತು. “ಹಸಿ ಕೋಳಿ ತೊಳೀಬಾರ್ದಮ್ಮ. ತೊಳೆದ್ರೆ ಕ್ರಿಮಿ ಸಾಯಲ್ಲ, ಅಡುಗೆಮನೆ ತುಂಬಾ ಹಾರುತ್ತೆ. ಸಾಯೋದು ಬೆಂದ ಮೇಲೇನೇ.”

“ಇಪ್ಪತ್ತೆಂಟು ವರ್ಷದಿಂದ ತೊಳೆದು ಹಾಕಿದೀನಿ. ನೀನು ಬದುಕಿಲ್ವಾ?” ಅಂದಳು ತಾಯಿ.

ವಾದ ಬೆಳೆಯುತ್ತಿತ್ತೋ ಏನೋ. ಆದರೆ ಕೋಳಿಗೆ ಕಪಾಟಿನಡಿಯ ಧೂಳೆಲ್ಲ ಮೆತ್ತಿಕೊಂಡಿದ್ದರಿಂದ ಮಗಳೇ ಸೋಲೊಪ್ಪಿಕೊಂಡಳು. ನೀರು ಸಿಡಿಯದಂತೆ ಪಾತ್ರೆಯಲ್ಲಿ ಮುಳುಗಿಸಿ ಮೆಲ್ಲಗೆ ತೊಳೆದದ್ದಾಯಿತು. ಆಮೇಲೆ ಅವಳ ಸರದಿ. ಸಿಂಕು, ನೆಲ, ಕೊಡೆ, ಅಪ್ಪನ ಎರಡೂ ಕೈ ಎಲ್ಲವನ್ನೂ ಸೋಪು ಹಾಕಿ ಉಜ್ಜಿಸಿದಳು.

ಕತ್ತರಿಸುವಾಗ ಮುಳ್ಳಪ್ಪ ಮಚ್ಚು ಎತ್ತಲಿಲ್ಲ. ಬೆರಳಿನಿಂದ ಒತ್ತಿ ಒಂದೊಂದೇ ಕೀಲು ಹುಡುಕಿದ, ಸಣ್ಣ ಚಾಕುವಿನ ತುದಿ ಇಟ್ಟ. ತೊಡೆ, ರೆಕ್ಕೆ ಸದ್ದಿಲ್ಲದೆ ಬಿಚ್ಚಿಕೊಂಡು ಬಂದವು. ಬಂದ ಕ್ರಮದಲ್ಲೇ ಅವನ್ನು ತಟ್ಟೆಯಲ್ಲಿ ಎಡದಿಂದ ಬಲಕ್ಕೆ ಜೋಡಿಸಿಟ್ಟ.

ಹೆಂಡತಿ ತಟ್ಟೆಯನ್ನೇ ನೋಡಿದಳು. “ಇದನ್ನ ಮತ್ತೆ ಜೋಡಿಸ್ಬೇಕಾ?”

ಒಂದು ಗಂಟೆಗೆ ಸರಿಯಾಗಿ ಕಂಡಕ್ಟರ್ ಬಂದ. ಒಲೆ ಇನ್ನೂ ಹೊತ್ತಿರಲಿಲ್ಲ. ಮಗಳು ಮೊಟ್ಟೆ ಹುರಿದು ಕೊಟ್ಟಳು. ಅವನು ಆರು ತಿಂದು ಕುರ್ಚಿಯಲ್ಲೇ ಗೊರಕೆ ಹೊಡೆದ. ಮೂರೂವರೆಗೆ ಎಬ್ಬಿಸಿ ಕೋಳಿ ಬಡಿಸಿದಾಗ ಹೊಟ್ಟೆಯಲ್ಲಿ ಜಾಗವಿಲ್ಲ ಎನ್ನುತ್ತಲೇ ಎರಡು ಸಲ ಹಾಕಿಸಿಕೊಂಡ. ನಾಲಿಗೆಗೆ ಒಂದು ಗರಿಯೂ ಸಿಗಲಿಲ್ಲ, ಇಂಥ ಕೋಳಿ ಈ ಮನೆಯಲ್ಲಿ ಇವತ್ತೇ ತಿಂದದ್ದು ಅಂದ. ತಂಗಿ ತಲೆಯೆತ್ತಲಿಲ್ಲ. ಎಡಗೈಯಲ್ಲಿ ಕಷ್ಟಪಟ್ಟು ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಇನ್ನೊಂದಕ್ಕೆ ಕೈ ಹಾಕಿದಳು.

ಸಂಜೆ ಮುಳ್ಳಪ್ಪ ಹೆಂಡತಿಯನ್ನು ಕೇಳಿದ. “ನಿಂಗೆ ಎಷ್ಟು ಹೊತ್ತು ಬೇಕು ಇದಕ್ಕೆ?”

“ಇಪ್ಪತ್ತು ನಿಮಿಷ.”

ಅವನು ಭೂತಗನ್ನಡಿಯನ್ನು ಒರೆಸಿ ಎತ್ತಿಟ್ಟ. ಆಮೇಲೆ ಮುಂದಿನ ವಾರವೂ ತಾನೇ ಮಾಡುವುದಾಗಿ ಹೇಳಿದ.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, ಇನ್ನೆರಡು ವಾರ ಚಾಕು ಹಿಡಿಯಬೇಡಿ ಅಂದರಂತೆ. ಅದಾಗಿ ಮೂರು ವರ್ಷ. ಕೋಳಿಯ ಮಟ್ಟಿಗೆ ಆ ಎರಡು ವಾರ ಇನ್ನೂ ಮುಗಿದಿಲ್ಲ.