ಲೆಂಪಿ ಕಟ್ಟಿದ ಗುಹೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮೆರಿಕದಲ್ಲಿ ದೊಡ್ಡ ಸರೋವರದ ದಡದ ಊರು ಡುಲುತ್‌ನ ಅದಿರು ಬಂದರಿನ ಕಚೇರಿಯಲ್ಲಿ ಲೆಂಪಿ ಕಿವೆಲಾ ಸಂಬಳದ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದಳು. ಸರೋವರ ಹೆಪ್ಪುಗಟ್ಟಿ ಹಡಗುಗಳು ನಿಂತ ಕಾಲದಲ್ಲಿ ಅವಳೂ ತಮ್ಮ ಟೊಯ್ವೋನೂ ಅಡುಗೆಮನೆಯಲ್ಲಿ ದಾಳ ಉರುಳಿಸಿ ವೀರರ ಆಟ ಆಡುತ್ತಿದ್ದರು. ಅದನ್ನೇ ಕಂಪ್ಯೂಟರಿಗೆ ಇಳಿಸುವ ಹುಚ್ಚು ಹತ್ತಿತು ಅವಳಿಗೆ. ನಾಲ್ವರು ವೀರರು, ಇಳಿದಷ್ಟೂ ಮುಗಿಯದ ಗುಹೆ. ಅವಳು ಪ್ರೋಗ್ರಾಮ್ ಬರೆದಳು, ಟೊಯ್ವೋ ರಾಕ್ಷಸರನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಿದ.

ಷಿಕಾಗೊದ ಕಂಪ್ಯೂಟರ್ ಮೇಳದಲ್ಲಿ ಹೋಬಾರ್ಟ್ ಸಿಲ್ಸ್ ಎಂಬ ಪ್ರಕಾಶಕ ಆಟ ನೋಡಲು ಒಪ್ಪಿದ. ಆ ಬೆಳಿಗ್ಗೆ ಹೋಟೆಲಿನಲ್ಲಿ ಕೊನೆಯದಾಗಿ ಆಡಿ ನೋಡುವಾಗ ಲೆಂಪಿಯ ಕಣ್ಣಿಗೆ ಒಂದು ತಪ್ಪು ಬಿತ್ತು. ವೀರರಲ್ಲಿ ಒಬ್ಬ ಸತ್ತ ಮೇಲೆ ಮೂರನೆಯ ಅಂತಸ್ತಿಗೆ ಇಳಿದರೆ ಪರದೆ ನಿಂತುಬಿಡುತ್ತಿತ್ತು. ಆಡಿದಷ್ಟನ್ನು ಉಳಿಸಿಡಲು ಹಾಕಿದ ಡಿಸ್ಕ್ ಪೂರಾ ಅಳಿಸಿಹೋಗುತ್ತಿತ್ತು.

"ಯಾರೂ ಸಾಯದ ಹಾಗೆ ನೀನೇ ಆಡಿ ತೋರಿಸು," ಅಂದ ಟೊಯ್ವೋ. "ಬಾಯಿ ಬಿಟ್ಟೀಯೆ ಮತ್ತೆ!"

"ಅವನೇ ಆಡ್ತೀನಿ ಅಂದ್ರೆ?"

"ಅಷ್ಟು ದೊಡ್ಡ ಮನುಷ್ಯ ಕೂತು ಆಡ್ತಾನಾ? ನಿನ್ನ ತಲೆ!"

ಸಿಲ್ಸ್ ಬಂದವನೇ, "ಏಳಮ್ಮ. ಬೇರೆಯವರು ಆಡೋದನ್ನ ನೋಡ್ಕೊಂಡು ನಾನು ಆಟ ಕೊಳ್ಳಲ್ಲ," ಎಂದು ಕುರ್ಚಿ ಎಳೆದುಕೊಂಡ. ಆಟ ಉಳಿಸಲು ಜೇಬಿನಿಂದ ತನ್ನದೇ ಡಿಸ್ಕ್ ತೆಗೆದು ಹಾಕಿದ. ಮೇಳದಲ್ಲಿ ಅವನು ಕಲೆಹಾಕಿದ್ದೆಲ್ಲ ಅದರಲ್ಲೇ ಇತ್ತು.

ಆಡುವುದರಲ್ಲಿ ಪಳಗಿದ ಕೈ. ಆದರೂ ಎರಡನೆಯ ಅಂತಸ್ತಿನಲ್ಲಿ ಜೇಡವೊಂದು ನಾಲ್ವರು ವೀರರಲ್ಲಿ ಒಬ್ಬನಾದ ಪಾದ್ರಿಯನ್ನು ಕೊಂದಿತು. "ಪಾಪ, ಹೋದ!" ಎಂದು ನಗುತ್ತ ಸಿಲ್ಸ್ ಉಳಿದ ಮೂವರನ್ನು ಮೆಟ್ಟಿಲಿನತ್ತ ನಡೆಸಿದ. ಟೊಯ್ವೋ ಮೇಜಿನಡಿ ಲೆಂಪಿಯ ಕಾಲನ್ನು ಬಲವಾಗಿ ತುಳಿದ. ಸಿಲ್ಸ್‌ನ ಬೆರಳು ಕೀಲಿಮಣೆಯ ಮೇಲೆ ಬಂತು.

ಅವಳು ಅವನ ಮಣಿಕಟ್ಟು ಹಿಡಿದುಬಿಟ್ಟಳು. "ಒತ್ತಬೇಡಿ ಸಾರ್. ಅಲ್ಲೊಂದು ತಪ್ಪಿದೆ, ನಿಮ್ಮ ಡಿಸ್ಕ್ ಅಳಿಸಿಹೋಗುತ್ತೆ."

"ಮೊದಲೇ ಗೊತ್ತಿತ್ತಾ?"

"ಬೆಳಿಗ್ಗೆ ಗೊತ್ತಾಯ್ತು."

"ಗೊತ್ತಿದ್ದೂ ಕೂರೋಕೆ ಬಿಟ್ರಾ ನನ್ನ!" ಡಿಸ್ಕ್ ಕಿತ್ತುಕೊಂಡು ಎದ್ದು ನಡೆದ.

ಕಾರಿನಲ್ಲಿ ವಾಪಸಾಗುತ್ತ ಊರು ಹತ್ತಿರವಾದಾಗ ಟೊಯ್ವೋ ಸಿಡಿದ: "ಒಂದು ಡಿಸ್ಕ್ ಹೋಗಿದ್ರೆ ಅವನ ಗಂಟೇನು ಹೋಗ್ತಿತ್ತು?"

"ನಮ್ಮನ್ನ ನಂಬಿ ಹಾಕಿದ್ದ ಕಣೋ."

"ನಾನೂ ನಿನ್ನ ನಂಬಿದ್ದೆ ಅಕ್ಕಾ."

ಆಟದಲ್ಲಿದ್ದ ತಪ್ಪು ಇಷ್ಟೇ: ಸತ್ತ ವೀರನನ್ನೂ ಪ್ರೋಗ್ರಾಮ್ ಬದುಕಿದವರ ಸಾಲಿಗೇ ಸೇರಿಸುತ್ತಿತ್ತು. ಲೆಂಪಿ ಅದನ್ನು ಸರಿಪಡಿಸುವಷ್ಟರಲ್ಲಿ ಸಿಲ್ಸ್ ಬೇರೆ ಯಾರದೋ ಗುಹೆಯಾಟ ಕೊಂಡಿದ್ದ. ಅವಳ ಫೋನಿಗೂ ಸಿಗಲಿಲ್ಲ. ಅವಳು ಆಟದ ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅಂಗಡಿ ಅಂಗಡಿಗೆ ತಾನೇ ಹೊತ್ತಳು. ಆಟ ಕೈಹಿಡಿಯಿತು. ಬಂದರಿನ ಕೆಲಸ ಬಿಟ್ಟಳು.

ಟೊಯ್ವೋ ಮಾತ್ರ ಅದಿರಿನ ಹಡಗಿನಲ್ಲಿ ಅಡುಗೆಯವನಾಗಿ ಹೊರಟುಹೋದ. ಎರಡನೆಯ ಆಟಕ್ಕೆ ಬೇರೆಯವರು ಚಿತ್ರ ಬಿಡಿಸಿದರು. ರಜೆಯಲ್ಲಿ ಬಂದವನು ಅಕ್ಕನ ಬೆನ್ನ ಹಿಂದೆ ನಿಂತು ಪರದೆ ನೋಡಿದ.

"ಇದೇನು, ತೋಳಾನಾ? ಊದಿಕೊಂಡ ಕುರಿ ಥರ ಇದೆ."

"ಬಾಯಲ್ಲೇ ಬಿಡಿಸ್ತೀಯಾ, ಕೂತು ಬಿಡಿಸ್ತೀಯಾ?"

ಅವತ್ತು ಅವನು ಕೂರಲಿಲ್ಲ. ಆದರೆ ಮೂರನೆಯ ಆಟದ ಅಷ್ಟೂ ರಾಕ್ಷಸರು ಅವನ ಕೈಯವೇ. ಅದೇ ಅವಳ ಕೊನೆಯ ಆಟವಾಯಿತು. ದೊಡ್ಡ ಕಂಪನಿಗಳ ನಡುವೆ ಅವಳ ಪುಟ್ಟ ಕಚೇರಿ ಬಾಳಲಿಲ್ಲ.