ಗುರುಗುಂಟಾ ರಸ್ತೆಗೆ ತೋರಿಸಿದ ಕೈ

ರೇಣುಕಾ ಅಂದು ದಾರಿ ತಪ್ಪಲಿಲ್ಲ — ನಾನು ತಪ್ಪಿಸಿದೆ. ಬೇಕೆಂದೇ ತಪ್ಪಿಸಿದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಅಳುಕಿಲ್ಲದೆ ಹೇಳುತ್ತಿದ್ದೇನೆ. ಮೆಲ್ಲಗೆ, ಸುತ್ತಿ ಬಳಸಿ ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ನಾವಿಬ್ಬರೂ ಮಸ್ಕಿಯವರು, ಒಂದೇ ಓಣಿಯವರು. ಹೈಸ್ಕೂಲಿನಲ್ಲಿ ಜೊತೆಗೇ ಓಡುತ್ತಿದ್ದೆವು; ಗೆಲ್ಲುತ್ತಿದ್ದವಳು ಹೆಚ್ಚಾಗಿ ನಾನೇ. ಮದುವೆಯಾಗಿ ನಾನು ಲಿಂಗಸುಗೂರಿಗೆ ಬಂದೆ, ಅವಳು ಗುರುಗುಂಟಾಕ್ಕೆ ಹೋದಳು. ನನ್ನ ಓಟ ಅಲ್ಲಿಗೆ ನಿಂತಿತು. ಯಾರೂ ಬೇಡ ಎನ್ನಲಿಲ್ಲ — ನಾನೇ ಕೇಳಲಿಲ್ಲ.

ಆ ವರ್ಷ ಬುದ್ಧ ಪೂರ್ಣಿಮೆಗೆ ಲಿಂಗಸುಗೂರಿನಲ್ಲಿ ನಮ್ಮ ಜನ ಸೇರಿ ಒಂದು ಓಟ ಇಟ್ಟಿದ್ದರು, ವಯಸ್ಸಾದವರ ಕಣ್ಣಿನ ಆಪರೇಷನ್ನಿಗೆ ನೆರವಾಗಲೆಂದು. ಹೆಂಗಸರಿಗೂ ಬೇರೆ ಓಟವಿತ್ತು. ನಾನು ನೋಡಲು ಹೋದೆ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮನೆ ಹತ್ತಿರದ ತಿರುವಿನಲ್ಲಿ ನಿಂತೆ. ಬಲಕ್ಕೆ ಹೊರಳಿದರೆ ಓಟ ಮುಗಿಯುವ ಮೈದಾನ, ಎಡಕ್ಕೆ ಗುರುಗುಂಟಾ ರಸ್ತೆ. ದಾರಿ ತೋರಿಸಬೇಕಾದವನು ಚಹಾ ಕುಡಿಯಲು ಹೋಗಿದ್ದ.

ಎಲ್ಲರಿಗಿಂತ ಮುಂದೆ, ಒಬ್ಬಳೇ, ರೇಣುಕಾ ಬಂದಳು. ವೇಲನ್ನು ಸೊಂಟಕ್ಕೆ ಬಿಗಿದಿದ್ದಳು. ಅವಳ ಮುಖ — ಅದನ್ನು ಹೇಗೆ ಹೇಳಲಿ — ಒಂದು ಕಾಲಕ್ಕೆ ನನ್ನದಾಗಿದ್ದ ಮುಖ ಅದು. ನನ್ನನ್ನು ಕಂಡು ನಕ್ಕಳು.

"ಯಾ ಕಡಿಗೆ ಹೋಗ್ಲಿ, ಸುಜಾತಾ?"

"ಎಡಕ್ಕ," ಎಂದೆ. ಕೈಯನ್ನೂ ತೋರಿಸಿದೆ.

ನಂಬಿ ಹೋದಳು. ಹಿಂದೆ ಬಂದವರಿಗೆಲ್ಲ ಬಲಕ್ಕೆ ಕೈ ತೋರಿಸಿದೆ. ಆಮೇಲೆ ನಾನೂ ಮೈದಾನಕ್ಕೆ ಹೋದೆ.

ಅಲ್ಲಿ ಅವಳ ಅತ್ತೆ ಕಾಯುತ್ತಿದ್ದರು. ಸೊಸೆ ಓಡುವುದು ಬೇಡವೆಂದ ಮನೆಯಲ್ಲಿ, ಓಡಲಿ ಎಂದು ಹಟ ಹಿಡಿದು ಕರೆತಂದವರು ಅವರೊಬ್ಬರೇ. ಎಲ್ಲರೂ ಮುಗಿಸಿದ ಮೇಲೆ ರೇಣುಕಾ ಕಾಲೆಳೆಯುತ್ತ ಬಂದಳು. ಅವಳ ಮೈದುನ ಜೋರಾಗಿ, "ಓಡಾಕಂತ ಬಂದು ಮನಿ ದಾರಿ ಹಿಡದಾಳ ನೋಡ್ರಿ ನಮ್ಮ ವೈನಿ," ಎಂದ. ಜನ ನಕ್ಕರು. ಅತ್ತೆ ತಲೆ ತಗ್ಗಿಸಿದರು. ರೇಣುಕಾ ನನ್ನನ್ನೊಮ್ಮೆ ನೋಡಿ, "ನಾನ ದಾರಿ ತಪ್ಪೀನಿ," ಎಂದಳು. ಅಷ್ಟೇ. ಮತ್ತೆಂದೂ ಅವಳು ಓಡಲಿಲ್ಲ.

ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಈ ವರ್ಷದ ಓಟ ನೋಡಲು ಹೋದಾಗ ಮೈದಾನದ ಅಂಚಿನಲ್ಲಿ ರೇಣುಕಾ ನಿಂತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ಅವತ್ತು ನಾ ಬೇಕಂತನ ಎಡಕ್ಕ ಅಂದಿದ್ದೆ."

"ಗೊತ್ತೈತಿ," ಎಂದಳು. "ಹೊಳ್ಳಿ ಬರಾಕತ್ತಾಗ ದೂರದಿಂದ ನೋಡಿದ್ನಿ. ಕಡೀಗೆ ಬಂದವ್ರಿಗೆ ನೀ ಬಲಕ್ಕ ಕೈ ಮಾಡಾಕತ್ತಿದ್ದಿ."

ಗೊತ್ತಿದ್ದೂ ಇಷ್ಟು ವರ್ಷ ಅವಳು ಯಾರಿಗೂ ಹೇಳಿರಲಿಲ್ಲ. ಅವಳು ಓಡುವವರನ್ನೇ ನೋಡುತ್ತ ಹೇಳಿದಳು: "ನನಗ ಹೇಳಿದ್ರ ಏನಾತು? ನಮ್ಮ ಅತ್ತಿಯವ್ರು ಮನ್ಯಾಗ ಮೈದುನನ ಬಾಯಿಂದ ಆ ಚುಚ್ಚುಮಾತು ಇನ್ನೂ ಕೇಳಾಕತ್ತಾರ. ಅಲ್ಲಿ ಬಂದು ಹೇಳ್ತಿ ಏನು?"

"ಹೇಳ್ತೀನಿ."

ಅದೇ ಮಧ್ಯಾಹ್ನ ಅವಳ ಜೊತೆ ಗುರುಗುಂಟಾದ ಬಸ್ಸು ಹತ್ತಿದೆ. ಅತ್ತೆ ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತಿದ್ದರು; ಒಳಗೆ ಮೈದುನ ಊಟ ಮಾಡುತ್ತಿದ್ದ. ನಾನು ನಿಂತೇ ಹೇಳಿದೆ. ಹೊಟ್ಟೆಕಿಚ್ಚಿಗೆ ಮಾಡಿದೆ ಎಂದೂ ಹೇಳಿದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರು ಕೈಯೆತ್ತಿ ತಡೆದರು. ಕೂಡು ಎನ್ನಲಿಲ್ಲ.

"ಇನ್ನೊಮ್ಮಿ ಹೇಳವ್ವ," ಎಂದರು. "ಜೋರ ಹೇಳು. ಒಳಗ ಅಂವಗ ಕೇಳ್ಲಿ."

ಇನ್ನೊಮ್ಮೆ ಹೇಳಿದೆ — ನನ್ನ ಹೆಸರು ಹಿಡಿದು, ಓಣಿಗೆಲ್ಲ ಕೇಳುವಷ್ಟು ಜೋರಾಗಿ.